ಗಂಗೂಬಾಯಿ ಪ್ಲೇಟು, ಡ್ಯುಯಲ್ 1219, ಎರಡು ಜೊತೆ ಹಳೇ ಸ್ಪೀಕರ್: ಯಾವುದು ಇಟ್ಟುಕೊಳ್ಳಲಿ?

ಮಾಳಮಡ್ಡಿಯವ (ಭಾನುವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಚಹಾ ಹಿಡಿದುಕೊಂಡು ಕೂತು ಓದಿ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಹೆಂಚಿನ ಮನೆ. ಪಡಸಾಲೆ 12 ಅಡಿ ಅಗಲ, 18 ಅಡಿ ಉದ್ದ. ದಪ್ಪ ಮಣ್ಣಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ. ಅಪ್ಪ 1984ರಲ್ಲಿ ಹುಬ್ಬಳ್ಳಿಯಿಂದ ತಂದ ಒಂದು ಜೊತೆ ಸ್ಪೀಕರ್ ಇವೆ. ನಮ್ಮ ದೇಶದ್ದೇ ಮಾಲು, ಎಂಟು ಇಂಚಿನ ವೂಫರ್ (ಕೆಳಗಿನ ಸ್ವರದ ದೊಡ್ಡ ಕೋನು). ಹತ್ತು ವರ್ಷ ಅಟ್ಟದ ಮೇಲಿದ್ದವು. ಇಳಿಸಿ ಬಟ್ಟೆ ತೆಗೆದು ನೋಡಿದರೆ ಕೋನಿನ ಸುತ್ತ ಇರುವ ಫೋಮ್ ಮುಟ್ಟಿದ ಕೂಡಲೇ ಉದುರಿತು. ಬೆರಳಿಗೆಲ್ಲ ಕರಿ ಜಿಗಟು.

ಎರಡನೇ ಜೊತೆ ಸೆಲೆಸ್ಟಿಯನ್ ಡಿಟ್ಟನ್ 15. ಇಂಗ್ಲೆಂಡಿನವು. ಗೆಳೆಯನೊಬ್ಬ ಮುಂಬೈ ಚೋರ್ ಬಜಾರಿನಿಂದ ತಂದುಕೊಟ್ಟ. ಇದರಲ್ಲಿ ಪೆಟ್ಟಿಗೆಗೆ ಎರಡೆರಡು ವೂಫರ್ ಕಾಣುತ್ತವೆ, ಆದರೆ ಒಂದೊಂದೇ ಕೆಲಸ ಮಾಡುತ್ತಿವೆ. ರಿಪೇರಿಯವರೊಬ್ಬರು ಸತ್ತ ಎರಡನ್ನೂ ಬದಲಾಯಿಸಿ ಕೊಡುತ್ತೇನೆ, ಒಂದಕ್ಕೆ 2,500 ಆಗುತ್ತೆ ಅಂದಿದ್ದಾರೆ.

ಇನ್ನು ಟರ್ನ್‌ಟೇಬಲ್. ಇಷ್ಟು ದಿನ ಎಚ್ಎಮ್‌ವಿ ಫಿಯೆಸ್ಟಾ ಅನ್ನೋ ಸಣ್ಣ ಪ್ಲೇಯರಿನಲ್ಲೇ ಪ್ಲೇಟು ಕೇಳುತ್ತಿದ್ದೆ. ಹೋದ ತಿಂಗಳು ನಮ್ಮ ಭಾವ ನ್ಯೂಜೆರ್ಸಿಯಿಂದ ಬರುವಾಗ ಡ್ಯುಯಲ್ 1219 ತಂದರು. ಜರ್ಮನಿಯ ಮಾಲು, ಅವರ ನೆರೆಮನೆಯವರು ಗ್ಯಾರೇಜ್ ಖಾಲಿ ಮಾಡುವಾಗ ಕೊಟ್ಟದ್ದಂತೆ. ಅದಕ್ಕೆ ಹೊಸ ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಮುಳ್ಳು ಕೂಡುವ ತಲೆ) ಹಾಕಿದೆ. ಪ್ಲೇಟಿನ ಮೇಲೆ ಮುಳ್ಳಿನ ತೂಕ ಎರಡು ಗ್ರಾಂ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮೇಲೆ ನಡೆಸುತ್ತಿದ್ದೇನೆ.

ಏನು ಬೇಸ್ ಅಂತೀರಿ! ಗಂಗೂಬಾಯಿ ಹಾನಗಲ್ಲರ ಎಲ್‌ಪಿ ಹಚ್ಚಿದೆ. ಧ್ವನಿ ಬಾವಿಯೊಳಗಿಂದ ಬಂದಂತೆ ಬಂತು. ನಮ್ಮ ಕಾಕಾಗೆ ಈಗ 78. ಅವರು ಕುಂದಗೋಳದ ನಾಡಗೀರ ವಾಡೆಯಲ್ಲಿ ಬಾಯಿಯವರನ್ನು ಎದುರಿಗೇ ಕೂತು ಕೇಳಿದವರು. ಕಣ್ಣು ಮುಚ್ಚಿಕೊಂಡು, "ಹಿಂಗ ಇತ್ತು ನೋಡಪಾ ಧ್ವನಿ. ಇಷ್ಟ್ ದಿನಾ ಆ ಡಬ್ಬ್ಯಾಗ ಏನ್ ಕೇಳತಿದ್ದಿ?" ಅಂದರು.

ಒಂದೇ ಕೊರತೆ. ಮೇಲಿನ ಸ್ವರ ಮಂಕು. ತಬಲಾದ ಚಾಟಿಯ (ಅಂಚಿನ) ಪೆಟ್ಟು ಒದ್ದೆ ಬಟ್ಟೆ ಬಡಿದಂತೆ ಕೇಳುತ್ತೆ. ಡಿಟ್ಟನ್ನಿನ ಕೆಪಾಸಿಟರ್ ಹೋಗಿರಬೇಕಲ್ವಾ? ಕೈಯಲ್ಲಿ 15,000 ಇದೆ. ಅಪ್ಪನ ಸ್ಪೀಕರ್ ರಿಪೇರಿಗೆ ಹಾಕಲೋ, ಡಿಟ್ಟನ್ನಿಗೆ ಹಾಕಲೋ, ಎರಡೂ ಬಿಟ್ಟು ಹೊಸದೇ ತರಲೋ?

ಹಳೇ ಹುಬ್ಬಳ್ಳಿ ರೇಡಿಯೋ

ತಮ್ಮಾ, ಮೊದಲು ಆ ರಿಪೇರಿಯವರಿಗೆ ಕೈ ಮುಗಿದು ಬೇಡ ಅಂದುಬಿಡು. ಡಿಟ್ಟನ್ 15ರಲ್ಲಿ ಎರಡನೇ ವೂಫರ್ ಸತ್ತಿಲ್ಲ, ಅದು ಹುಟ್ಟಿದಾಗಿನಿಂದ ಹಾಗೇ. ಅದಕ್ಕೆ ಮ್ಯಾಗ್ನೆಟ್ ಇಲ್ಲ, ಕಾಯಿಲ್ ಇಲ್ಲ, ವೈರೂ ಇಲ್ಲ. ಬರೀ ಕೋನು. ನಿಜವಾದ ವೂಫರ್ ಹಿಂದಕ್ಕೆ ಹೋದಾಗ ಒಳಗಿನ ಗಾಳಿ ಒತ್ತಿ ಇದು ಹೊರಗೆ ಬರುತ್ತೆ. ಕೆಳಗಿನ ಸ್ವರಕ್ಕೆ ಸಹಾಯ ಮಾಡಲಿ ಅಂತ ಇಟ್ಟಿದ್ದು. ಅಲ್ಲಿ ಸಾದಾ ವೂಫರ್ ಕೂಡಿಸಿದರೆ ಒಳ್ಳೇ ಸ್ಪೀಕರಿಗೆ ದುಡ್ಡು ಕೊಟ್ಟು ಕಾಲು ಮುರಿಸಿದಂತೆ.

ಪರೀಕ್ಷೆ ಮಾಡಿ ನೋಡು. ಕೆಲಸ ಮಾಡುವ ಕೋನನ್ನು ಎರಡೂ ಕೈಯ ಬೆರಳಿಂದ ಮೆಲ್ಲಗೆ, ಸಮನಾಗಿ ಒತ್ತು. ಇನ್ನೊಂದು ಮುಂದೆ ಬರಬೇಕು. ಒತ್ತಿ ಹಿಡಿದರೆ ಅದು ನಿಧಾನಕ್ಕೆ ವಾಪಸ್ ಹೋಗಬೇಕು. ಬರಲೇ ಇಲ್ಲ, ಅಥವಾ ಬಂದದ್ದು ಥಟ್ಟನೆ ವಾಪಸ್ ಹೋಯಿತು ಅಂದರೆ ಪೆಟ್ಟಿಗೆಯಲ್ಲಿ ಎಲ್ಲೋ ಗಾಳಿ ಸೋರುತ್ತಿದೆ.

ಇನ್ನು ಅಪ್ಪನ ಸ್ಪೀಕರ್. ಫೋಮ್ ಹೋಗೋದು ಯಾರ ತಪ್ಪೂ ಅಲ್ಲ. ಪಾಲಿಯುರೆಥೇನ್ ಫೋಮಿಗೆ ತೇವ ಅಂದರೆ ಆಗೋದಿಲ್ಲ. ಧಾರವಾಡದ ಮಳೆಗಾಲ ನಿಮಗೇ ಗೊತ್ತು. ಹಾಡಿದರೂ ಹೋಗುತ್ತೆ, ಸುಮ್ನೆ ಇಟ್ಟರೂ ಹೋಗುತ್ತೆ. ರಬ್ಬರ್ ಅಂಚು, ಬಟ್ಟೆ ಅಂಚು ಇದ್ದ ಹಳೇ ಸ್ಪೀಕರ್ ಎಷ್ಟೋ ಇನ್ನೂ ಗಟ್ಟಿಯಾಗಿವೆ. ಕೋನು, ಕಾಯಿಲ್ ಸರಿ ಇದ್ದರೆ ಹೊಸ ಫೋಮ್ ಹಾಕಿಕೋ, ಮನೆಯಲ್ಲೇ ಆಗುತ್ತೆ.

ಹಳೇ ಅಂಟು ಪೂರ್ತಿ ಕೆರೆದು ತೆಗೆ. ಇದೇ ಅರ್ಧ ದಿನದ ಕೆಲಸ, ಇಲ್ಲಿ ಅವಸರ ಮಾಡಿದವರು ಕೋನು ಹರಿದುಕೊಳ್ಳುತ್ತಾರೆ. ನಡುವಿನ ಟೋಪಿಯನ್ನು ಬ್ಲೇಡಿನಿಂದ ಹುಷಾರಾಗಿ ಬಿಡಿಸು. ಒಳಗೆ ಕಾಯಿಲ್ ಕಾಣುತ್ತೆ. ಕಾಯಿಲಿಗೂ ನಡುವಿನ ಕಬ್ಬಿಣದ ಗುಂಡಿಗೂ ಮಧ್ಯೆ ಸುತ್ತಲೂ ಹಳೇ ಎಕ್ಸ್‌ರೇ ಫಿಲ್ಮಿನ ನಾಲ್ಕು ಪಟ್ಟಿ ಸಿಗಿಸು. ಕಾಯಿಲ್ ನಡು ಬಿಟ್ಟು ಅಲುಗಾಡೋದಿಲ್ಲ. ಆಮೇಲೆ ಫೋಮ್ ಅಂಟಿಸು. ಒಂದು ದಿನ ಪೂರ್ತಿ ಒಣಗಲಿ. ಪಟ್ಟಿ ತೆಗೆದು ಕೋನನ್ನು ಮೇಲೆ ಕೆಳಗೆ ಮಾಡಿ ಕಿವಿ ಇಡು. ಚರ್ ಅಂತ ತಿಕ್ಕಿದ ಸದ್ದು ಬಂದರೆ ಮತ್ತೆ ಮೊದಲಿಂದ. ಫೆವಿಕ್ವಿಕ್ ಹತ್ತಿರಕ್ಕೂ ತರಬೇಡ. ಸರಿಪಡಿಸಲು ಅದು ಎರಡು ಸೆಕೆಂಡೂ ಕೊಡೋದಿಲ್ಲ.

ಕೇಶ್ವಾಪುರ ಟೋನ್‌ಆರ್ಮ್

ರೇಡಿಯೋ ಸರ್ ಹೇಳಿದ್ದು ಸರಿ. ಮಂಕಿಗೆ ಕಾರಣ ಕೆಪಾಸಿಟರ್ರೇ, ಬರೆದು ಕೊಡುತ್ತೇನೆ. ಮೇಲಿನ ಸ್ವರ, ಕೆಳಗಿನ ಸ್ವರ ಬೇರೆ ಮಾಡಿ ಹಂಚುವ ಕ್ರಾಸ್‌ಓವರಿನಲ್ಲಿ ಇರೋದು ಪ್ಲಸ್ ಮೈನಸ್ ಇಲ್ಲದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಐವತ್ತು ವರ್ಷಕ್ಕೆ ಒಣಗಿ ಹೋಗಿರುತ್ತೆ. ಎರಡೂ ಪೆಟ್ಟಿಗೆಯದ್ದು ಒಟ್ಟಿಗೇ ಬದಲಾಯಿಸಿ. ಮೈಕ್ರೋಫ್ಯಾರಡ್ ಬೆಲೆ ಅದೇ ಇರಲಿ.

ಒಂದು ಎಚ್ಚರ. ಫಿಲ್ಮ್ ಕೆಪಾಸಿಟರ್ ಹಾಕಿದರೆ ಅದರ ಒಳಗಿನ ರೆಸಿಸ್ಟೆನ್ಸ್ ಕಮ್ಮಿ. ಮೇಲಿನ ಸ್ವರ ನುಡಿಸುವ ಟ್ವೀಟರ್ ಮೊದಲಿಗಿಂತ ಜೋರಾಗಿ ಕಿವಿಗೆ ಚುಚ್ಚಬಹುದು. ಅರ್ಧ ಓಮ್, ಒಂದು ಓಮಿನ ಸಣ್ಣ ರೆಸಿಸ್ಟರ್ ಸಾಲಾಗಿ ಸೇರಿಸಿ ನೋಡಬೇಕಾಗುತ್ತೆ. ಡಿಟ್ಟನ್ 15ರಲ್ಲಿ ಇರೋದು ಎಚ್‌ಎಫ್1300 ಟ್ವೀಟರ್. ಅದನ್ನು ಸ್ಪೆಂಡರ್ ಬಿಸಿ1 ಥರದ ಒಳ್ಳೊಳ್ಳೇ ಸ್ಪೀಕರಿನಲ್ಲೂ ಬಳಸಿದ್ದಾರೆ. ಯಾರಾದರೂ ಬದಲಾಯಿಸಿ ಅಂದರೆ ಒಪ್ಪಬೇಡಿ.

ಹೊಸದು ತರೋದಾದರೆ 15,000ಕ್ಕೆ ಇವೆರಡನ್ನೂ ಮೀರಿಸೋದು ಸಿಗೋದಿಲ್ಲ. ಬಿಬಿಸಿಯವರು ವ್ಯಾನಿನಲ್ಲಿ ಇಡೋಕೆ ಅಂತ ಮಾಡಿಸಿದ ಎಲ್‌ಎಸ್3/5ಎ ಬಗ್ಗೆ ಇಲ್ಲಿ ಯಾರೋ ಒಬ್ಬರು ಹೇಳೇ ಹೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಒಂದು ಅಡಿ ಎತ್ತರದ ಡಬ್ಬಿ, ಕಂಠ ಅದ್ಭುತ, ಬೆಲೆ ಕೇಳಿದರೆ ಎಮ್ಮೆ ಮಾರಬೇಕು. ಅದರ ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಎಷ್ಟು ಸದ್ದು ಕೊಡುತ್ತೆ ಅನ್ನೋದು) ಬರೀ 83 ಡೆಸಿಬೆಲ್ ಆಸುಪಾಸು. ಮೂರು ಡೆಸಿಬೆಲ್ ಕಮ್ಮಿ ಆದರೆ ಅಷ್ಟೇ ಸದ್ದಿಗೆ ಎರಡರಷ್ಟು ವ್ಯಾಟ್ ಬೇಕು.

ಬೆಟಗೇರಿ ಮಗ್ಗ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗದಗದ ನಮ್ಮ ಮನೆಯಲ್ಲಿ ಅಜ್ಜನ ಕಾಲದ 78ರ ಪ್ಲೇಟು ನಲವತ್ತು ಇವೆ. ಜಾಸ್ತಿ ನಾಟಕದ ಪದಗಳೇ. ಹೊಸ ಟರ್ನ್‌ಟೇಬಲ್ ಮೇಲೆ ಎಲ್‌ಪಿ ಮುಳ್ಳಿನಿಂದಲೇ ಹಚ್ಚಿದೆ. ಹಾಡಿಗಿಂತ ಒಗ್ಗರಣೆ ಸದ್ದೇ ಜಾಸ್ತಿ. ಸ್ಪಿರಿಟ್ ಹಾಕಿ ಒರೆಸಲೇ?

ಹಳೇ ಹುಬ್ಬಳ್ಳಿ ರೇಡಿಯೋ

ಅಯ್ಯೋ, ಸ್ಪಿರಿಟ್ ಹಾಕಬೇಡಪಾ! 78ರ ಪ್ಲೇಟು ಅರಗಿನದು. ಸ್ಪಿರಿಟ್ ಬಿದ್ದರೆ ಅರಗು ಕರಗುತ್ತೆ, ಗೆರೆಯ ಜೊತೆ ಹಾಡೂ ಹೋಗುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೆತ್ತನೆ ಬ್ರಶ್ಶಿನಿಂದ ಗೆರೆ ಹೋದ ಕಡೆಗೇ ತಿಕ್ಕು. ಮತ್ತೆ ಬರೀ ನೀರಿನಿಂದ ತೊಳೆದು ನೆರಳಲ್ಲಿ ಒಣಗಿಸು. ನಡುವಿನ ಕಾಗದ ನೆನೆಯದಂತೆ ನೋಡಿಕೋ.

ಮುಳ್ಳೂ ಬೇರೆ ಬೇಕು. 78ರ ಗೆರೆ ಅಗಲ. ಎಲ್‌ಪಿ ಮುಳ್ಳಿನ ತುದಿ ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಸಣ್ಣದು, 78ಕ್ಕೆ ಸಾವಿರದಲ್ಲಿ ಮೂರು ಭಾಗ ಬೇಕು. ಸಣ್ಣ ಮುಳ್ಳು ಗೆರೆಯ ತಳಕ್ಕಿಳಿದು ಅಲ್ಲಿರುವ ಕಸ ಕೆರೆಯುತ್ತೆ. ನಿನ್ನ ಒಗ್ಗರಣೆ ಅದೇ. ವಿಎಂ95 ಜಾತಿಯ ಕಾರ್ಟ್ರಿಜ್ ಇದ್ದರೆ ಅದಕ್ಕೇ ಕೂಡುವ 78ರ ಮುಳ್ಳು ಬೇರೆ ಸಿಗುತ್ತೆ, ಎಸ್‌ಪಿ ಅಂತ ಹೆಸರು. ಕಿತ್ತು ಅದನ್ನು ಹಾಕೋದು, ತೂಕ ಐದು ಗ್ರಾಂಗೆ ಏರಿಸೋದು, ಅಷ್ಟೇ. ಎಲ್‌ಪಿಗೆ ವಾಪಸ್ ಬರುವಾಗ ತೂಕ ಇಳಿಸೋದು ಮರೆಯಬೇಡ.

ಸಪ್ತಾಪುರ ಹಾರ್ಮೋನಿಯಂ

ನಾನು ಸಂಗೀತ ಹೇಳಿಕೊಡುವವಳು. ಸ್ಪೀಕರ್ ವಿದ್ಯೆ ಗೊತ್ತಿಲ್ಲ. ಮಾಳಮಡ್ಡಿಯವರು ಬರೆದಿದ್ದನ್ನು ಎರಡು ಸಲ ಓದಿದೆ. ಏನೋ ತಪ್ಪಿದೆ ಅನಿಸುತ್ತಿದೆ.

ಬೇಸ್ ಜಾಸ್ತಿ ಆದರೆ ಧ್ವನಿಗೆ ತುಂಬು ಬರಬೇಕು. ಶ್ರುತಿ ಕೆಳಗಿಳಿಯಬಾರದು. "ಬಾವಿಯೊಳಗಿಂದ" ಅಂದಿರಿ. ಗಂಗೂಬಾಯಿಯವರದು ಗಂಡಸರ ಧ್ವನಿಯೇನೋ ಅನ್ನುವಷ್ಟು ಗಡಸು ಅನ್ನೋದು ನಿಜ, ಆದರೆ ಬಾವಿಯದಲ್ಲ. ತಬಲಾದ ಚಾಟಿಯೂ ಮಂಕು ಅಂತೀರಿ. ಅಂದರೆ ಮೇಲಿನದು, ಕೆಳಗಿನದು ಎಲ್ಲಾ ಒಟ್ಟಿಗೇ ಕೆಳಗೆ ಇಳಿದಿರಬಹುದಲ್ವಾ?

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಷಡ್ಜ ಹಿಡಿದು ನೋಡಿ. ಅದೇ ರೆಕಾರ್ಡಿಂಗ್ ಫೋನಿನಲ್ಲಿ ಸಿಕ್ಕರೆ ಅದಕ್ಕೂ ಹಿಡಿದು ನೋಡಿ. ಎರಡೂ ಹಾರ್ಮೋನಿಯಮ್ಮಿನ ಒಂದೇ ಮನೆಗೆ (ಕೀಲಿಗೆ) ಬಂದರೆ ನಾನು ಹೇಳಿದ್ದು ಮರೆತುಬಿಡಿ.

ಕೇಶ್ವಾಪುರ ಟೋನ್‌ಆರ್ಮ್

ಅಕ್ಕಾರ, ಡ್ಯುಯಲ್ ಅಂದರೆ ಸಣ್ಣ ಯಂತ್ರ ಅಲ್ಲ. ಅಷ್ಟೆಲ್ಲ ಶ್ರುತಿ ತಪ್ಪೋದಿಲ್ಲ. ಕೆಪಾಸಿಟರ್ ಹಾಕಿಸಲಿ, ಆಮೇಲೆ ನೋಡೋಣ.

ಮಾಳಮಡ್ಡಿಯವ (ಸೋಮವಾರ ರಾತ್ರಿ)

ಅಕ್ಕಾರ, ಕೈ ನಡುಗುತ್ತಿದೆ.

ಪಕ್ಕದ ಮನೆಯಿಂದ ಹಾರ್ಮೋನಿಯಂ ತಂದೆ. ಫೋನಿನಲ್ಲಿ ಅದೇ ರೆಕಾರ್ಡ್ ಸಿಕ್ಕಿತು. ಫೋನಿನ ಷಡ್ಜ ಹಿಡಿದು ಆ ಮನೆಗೆ ಸೀಮೆಸುಣ್ಣದಿಂದ ಚುಕ್ಕಿ ಇಟ್ಟೆ. ಆಮೇಲೆ ಪ್ಲೇಟು ಹಚ್ಚಿದೆ. ಕರಿ ಬಿಳಿ ಎಲ್ಲಾ ಸೇರಿಸಿ ಎಣಿಸಿದರೆ ಮೂರು ಮನೆ ಕೆಳಗೆ! ಮೂರಕ್ಕಿಂತ ಇನ್ನೂ ಒಂದು ಚೂರು ಕೆಳಗೇ. ಎರಡನೇ ಪ್ಲೇಟು ಮಲ್ಲಿಕಾರ್ಜುನ ಮನ್ಸೂರರದು, ಅದೂ ಹಾಗೇ. ಫಿಯೆಸ್ಟಾದ ಮೇಲೆ ಹಚ್ಚಿದರೆ ಚುಕ್ಕಿ ಇಟ್ಟ ಮನೆಗೇ ಬಂತು.

ಇದೇನು, ಮೋಟಾರ್ ಸುಟ್ಟಿದೆಯಾ?

ಹಳೇ ಹುಬ್ಬಳ್ಳಿ ರೇಡಿಯೋ

ಮೋಟಾರಿಗೆ ಏನೂ ಆಗಿಲ್ಲ. ನಾನೇ ಮೊದಲು ಕೇಳಬೇಕಿತ್ತು. ನ್ಯೂಜೆರ್ಸಿ ಅಂತ ಓದಿದ ಕೂಡಲೇ ಹೊಳೆಯಬೇಕಿತ್ತು. ಡಿಟ್ಟನ್ ಅಂದ ತಕ್ಷಣ ಮೈಮರೆತೆ.

ಅಮೆರಿಕದ ಕರೆಂಟು ಸೆಕೆಂಡಿಗೆ 60 ಸೈಕಲ್ (ಹರ್ಟ್ಸ್), ನಮ್ಮದು 50. ಈ ಮೋಟಾರ್ ವೋಲ್ಟೇಜ್ ನೋಡಿ ಓಡೋದಲ್ಲ, ಸೈಕಲ್ ನೋಡಿ ಓಡೋದು. ನಿನ್ನ ಟ್ರಾನ್ಸ್‌ಫಾರ್ಮರ್ 230ನ್ನು 110 ಮಾಡಿತು. 50ನ್ನು 60 ಮಾಡಲು ಅದರಿಂದ ಆಗೋದಿಲ್ಲ.

ಪ್ಲೇಟಿನ ಅಂಚಿಗೆ ಒಂದು ಬಿಳಿ ಚೀಟಿ ಅಂಟಿಸು. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸು. 33 ಸುತ್ತು, ಮೇಲೆ ಮೂರನೇ ಒಂದು ಭಾಗ ಬರಬೇಕು. ನಿನಗೆ 28 ಕೂಡ ಬರೋದಿಲ್ಲ ಅಂತ ಇಲ್ಲಿಂದಲೇ ಹೇಳುತ್ತೇನೆ.

ಮಾಳಮಡ್ಡಿಯವ

27 ಮುಕ್ಕಾಲು. ಮೂರು ಸಲ ಎಣಿಸಿದೆ. ಹೆಂಡತಿ ಗಡಿಯಾರ ಹಿಡಿದಿದ್ದಳು. 20 ನಿಮಿಷದ ಬದಿ 24 ನಿಮಿಷ ಓಡುತ್ತಿದೆ. ಹಚ್ಚಿಟ್ಟು ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಜರ್ಮನಿ ಮಾಲು, ತಾಳಿಕೆ ಜಾಸ್ತಿ ಅಂದುಕೊಂಡಿದ್ದೆ.

ಪಿಚ್ ತಿರುಗಣಿ ಪೂರ್ತಿ ಮೇಲಕ್ಕೆ ತಿರುಗಿಸಿದೆ. ಸಾಲದು. ಸಿಟ್ಟಿಗೆ 45ಕ್ಕೆ ಹಾಕಿದೆ. ಬಾಯಿಯವರು ಸಣ್ಣ ಹುಡುಗಿ ಆಗಿಬಿಟ್ಟರು.

ಉಣಕಲ್ ಕೆರೆ

ಅಂದರೆ ಮೂರು ವಾರ ನೀವು, ನಿಮ್ಮ ಕಾಕಾ, ಇಬ್ಬರೂ ಕಣ್ಣು ಮುಚ್ಚಿಕೊಂಡು "ಆಹಾ ಬೇಸ್" ಅಂದಿದ್ದು ಕರೆಂಟಿನ ಮಹಿಮೆ 😄 ಕೆಇಬಿಯವರಿಗೆ ಒಂದು ಶಾಲು ಹೊದಿಸಿ.

ಸಪ್ತಾಪುರ ಹಾರ್ಮೋನಿಯಂ

ನಗಬೇಡ್ರಿ. ಅವರ ಧ್ವನಿ ಆಗಿದ್ದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. ಬೇರೆ ಯಾವ ಗಾಯಕಿಯ ಪ್ಲೇಟು ಹಚ್ಚಿದ್ದರೂ ಮೊದಲ ಆಲಾಪಕ್ಕೇ ಸಿಕ್ಕಿಬೀಳುತ್ತಿತ್ತು.

45ಕ್ಕೆ ಹಾಕಿದಾಗ ಸಣ್ಣ ಹುಡುಗಿ ಆದರು ಅಂದಿರಲ್ಲ, ಅದಕ್ಕೊಂದು ಮಾತು ನೆನಪಾಯಿತು. 1930ರ ದಶಕದಲ್ಲಿ ಅವರ ಮೊದಲ 78ರ ಪ್ಲೇಟುಗಳ ಮೇಲೆ ಹೆಸರು ಗಾಂಧಾರಿ ಹಾನಗಲ್ ಅಂತಲೇ ಇತ್ತು. ಆಗಿನ ಧ್ವನಿ ನಿಜವಾಗಿಯೂ ತೆಳು, ಮೇಲಿನದು. ಗಂಟಲಿನ ಚಿಕಿತ್ಸೆ ಆದ ಮೇಲೆ ಈ ಗಡಸು ಧ್ವನಿ ಬಂತು. ಹಾಗಾಗಿ ಅವರ ಹಳೇ ಪ್ಲೇಟು ಸಿಕ್ಕಾಗ "ಇದು ಜೋರಾಗಿ ಓಡುತ್ತಿದೆ" ಅಂತ ಸ್ಪೀಡ್ ಇಳಿಸಲು ಹೋಗಬೇಡಿ.

ಹಳೇ ಹುಬ್ಬಳ್ಳಿ ರೇಡಿಯೋ

ಈಗ ಪರಿಹಾರ. 1219 ಇಡ್ಲರ್ ಯಂತ್ರ. ಬೆಲ್ಟ್ ಇಲ್ಲ. ಮೋಟಾರಿನ ತಲೆಯ ಮೇಲೆ ಹಿತ್ತಾಳೆಯ ಪುಲ್ಲಿ, ಅದಕ್ಕೆ ರಬ್ಬರ್ ಚಕ್ರ ತಾಗುತ್ತೆ, ಆ ಚಕ್ರ ತಟ್ಟೆಯ ಒಳ ಅಂಚಿಗೆ ತಾಗುತ್ತೆ. ಪುಲ್ಲಿಯಲ್ಲಿ ಮೂರು ಮೆಟ್ಟಿಲು: 33, 45, 78. 60 ಸೈಕಲ್ಲಿಗೆ ಒಂದು ಪುಲ್ಲಿ, 50ಕ್ಕೆ ಅದಕ್ಕಿಂತ ದಪ್ಪದ್ದು ಇನ್ನೊಂದು. ಕಂಪನಿಯವರೇ ಎರಡೂ ಮಾಡಿದ್ದರು. ನಿನಗೆ ಬೇಕಾಗಿರೋದು ನೂರಕ್ಕೆ 20ರಷ್ಟು ಏರಿಕೆ. ಪಿಚ್ ತಿರುಗಣಿಯ ಪೂರ್ತಿ ಹರವು ನೂರಕ್ಕೆ ಆರು. ಅದಕ್ಕೇ ಸಾಲಲಿಲ್ಲ.

ಜರ್ಮನಿಯಿಂದ 50 ಸೈಕಲ್ ಪುಲ್ಲಿ ತರಿಸಿಕೋ. ಇನ್ನೊಂದು ದಾರಿ, 60 ಸೈಕಲ್ ಶುದ್ಧ ಸೈನ್ ವೇವ್ ಕೊಡುವ ಸಣ್ಣ ಡ್ರೈವ್ ಇಟ್ಟುಕೊಳ್ಳೋದು. ಈ ಮೋಟಾರಿಗೆ ಜಾಸ್ತಿ ವ್ಯಾಟ್ ಬೇಕಾಗಿಲ್ಲ. ಆದರೆ ಪುಲ್ಲಿಯೇ ಸರಳ.

ಉಣಕಲ್ ಕೆರೆ

ಜರ್ಮನಿ ಯಾಕೆ? ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಶಾಪ್ ಬೇಕಾದಷ್ಟು ಇವೆ. ಹಳೇ ಪುಲ್ಲಿ ಅಳತೆ ಕೊಟ್ಟು 1.2ರಿಂದ ಗುಣಿಸಿ ಅಂದರೆ ಸಂಜೆಯೊಳಗೆ ಮಾಡಿಕೊಡುತ್ತಾರೆ.

ಮಾಳಮಡ್ಡಿಯವ (ಶನಿವಾರ)

ಉಣಕಲ್ಲಿನವರ ಮಾತು ಕೇಳಿದೆ. 400 ರೂಪಾಯಿಗೆ ಥಳಥಳ ಹಿತ್ತಾಳೆ ಪುಲ್ಲಿ. ಲೇತಿನ ಹುಡುಗ ಬಹಳ ಶ್ರದ್ಧೆಯಿಂದ ಮಾಡಿದ. ಹಾಕಿದೆ. ಸ್ಪೀಡು ಬಂತು! ಷಡ್ಜ ಚುಕ್ಕಿ ಇಟ್ಟ ಮನೆಗೆ ಬಂದು ಕೂತಿತು. ಖುಷಿಯಿಂದ ಮನ್ಸೂರರ ಪ್ಲೇಟು ಹಚ್ಚಿದೆ. ಹಾಡು ಶುರು ಆಗೋದಕ್ಕೆ ಮುಂಚೆ ತಂಬೂರಿ ಒಂದೇ ಇರುತ್ತಲ್ಲ, ಆ ಹತ್ತು ಸೆಕೆಂಡಿನಲ್ಲೇ ಗೊತ್ತಾಯಿತು. ನಾದಕ್ಕೆ ಒಂದು ಗರಗರ ಸೇರಿಕೊಂಡಿದೆ. ತಂಬೂರಿ ತಂತಿಯ ಮೇಲೆ ಜೀರುಂಡೆ ಕೂತಂತೆ.

ಹಳೇ ಹುಬ್ಬಳ್ಳಿ ರೇಡಿಯೋ

ಪುಲ್ಲಿಯ ನಡು ಕೂದಲೆಳೆಯಷ್ಟು ಔಟ್ ಇದ್ದರೂ ಸಾಕು. ಮೋಟಾರ್ ಸೆಕೆಂಡಿಗೆ ಇಪ್ಪತ್ತಕ್ಕಿಂತ ಜಾಸ್ತಿ ಸಲ ತಿರುಗುತ್ತೆ. ಅಷ್ಟೂ ಸಲ ಪುಲ್ಲಿ ರಬ್ಬರ್ ಚಕ್ರವನ್ನು ತಳ್ಳುತ್ತೆ. ಅದು ತಂಬೂರಿಯಲ್ಲಿ, ಹಾರ್ಮೋನಿಯಮ್ಮಿನಲ್ಲಿ ಮೊದಲು ಕೇಳುತ್ತೆ. ಸಿನಿಮಾ ಹಾಡಿನಲ್ಲಿ ಮುಚ್ಚಿಹೋಗುತ್ತೆ. ಇನ್ನೊಂದು ವಿಷಯ. ಮೂಲ ಪುಲ್ಲಿಯ ಮೆಟ್ಟಿಲು ನೆಟ್ಟಗೆ ಇರೋದಿಲ್ಲ, ಸ್ವಲ್ಪ ಇಳಿಜಾರು. ಪಿಚ್ ತಿರುಗಿಸಿದಾಗ ಚಕ್ರ ಆ ಇಳಿಜಾರಿನ ಮೇಲೆ ಸರಿದು ಸ್ಪೀಡ್ ಬದಲಾಗುತ್ತೆ. ಲೇತಿನ ಹುಡುಗನಿಗೆ ಇದು ಗೊತ್ತಿರೋದು ಹೇಗೆ?

ಉಣಕಲ್ ಕೆರೆ

ನನ್ನ ತಪ್ಪು. 400 ರೂಪಾಯಿ ಮುಂದಿನ ಸಲ ಗಿರ್ಮಿಟ್, ಮಿರ್ಚಿಯಲ್ಲಿ ತೀರಿಸುತ್ತೇನೆ.

ಮಾಳಮಡ್ಡಿಯವ (ಐದು ವಾರದ ನಂತರ)

ಪುಲ್ಲಿ ಬಂತು. ಜರ್ಮನಿಯಿಂದ, ಹಳೇ ಯಂತ್ರದಿಂದ ಬಿಚ್ಚಿದ ಅಸಲಿ ಮಾಲು. ಹಾಕಿದ ಮೇಲೆ, ಸ್ಪೀಡ್ ಸರಿ ಇದ್ದರೆ ಗೆರೆ ನಿಂತಂತೆ ಕಾಣುವ ಸ್ಟ್ರೋಬ್ ಚಕ್ರದ ಚಿತ್ರ ಪ್ರಿಂಟ್ ಹಾಕಿಸಿ ಪ್ಲೇಟಿನ ಮೇಲಿಟ್ಟೆ. 50 ಸೈಕಲ್ಲಿಗೆ 180 ಗೆರೆ. ಎಲ್ಇಡಿ ಬಲ್ಬಿನ ಕೆಳಗೆ ಏನೂ ಕಾಣಲಿಲ್ಲ. ದೇವರ ಮನೆಯಲ್ಲಿ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಒಂದು ಉಳಿದಿತ್ತು. ಟರ್ನ್‌ಟೇಬಲ್ ಅಲ್ಲಿಗೇ ಹೊತ್ತೊಯ್ದೆ. ಗೆರೆ ನಿಂತಲ್ಲೇ ನಿಂತವು. ಅಮ್ಮ ಪೂಜೆಗೆ ಬಂದವಳು ನೋಡಿ ಏನೂ ಹೇಳದೆ ವಾಪಸ್ ಹೋದಳು.

ಒಂದು ಹೊಸ ತೊಂದರೆ ಬಂದಿತ್ತು. ಪ್ಲೇಟು ಮುಗಿದ ಮೇಲೆ ಕೈ ತಾನೇ ಎದ್ದು ವಾಪಸ್ ಬರಬೇಕು. ಬರುತ್ತಿರಲಿಲ್ಲ. ಇದನ್ನೂ ರೇಡಿಯೋ ಸರ್ ಫೋನಿನಲ್ಲೇ ಬಿಡಿಸಿದರು. ಒಳಗಿನ ಒಂದು ಲಿವರಿನ ತುದಿಗೆ ಅಕ್ಕಿಕಾಳಿನಷ್ಟು ರಬ್ಬರ್ ಇರುತ್ತೆ. ಐವತ್ತು ವರ್ಷಕ್ಕೆ ಅದು ಉದುರಿ ಹೋಗಿರುತ್ತೆ. ಸೈಕಲ್ ಶಾಪಿನಿಂದ ಐದು ರೂಪಾಯಿಗೆ ವಾಲ್ ಟ್ಯೂಬ್ ತಂದು ಎರಡು ಮಿಲಿಮೀಟರ್ ಕತ್ತರಿಸಿ ಹಾಕಿದೆ. ಕೈ ಈಗ ಬಾಲವಾಡಿ ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತಿದೆ.

ಈಗ ಅಸಲು ಪ್ರಶ್ನೆ. ಮಂಕು ಎಲ್ಲಿ ಹೋಯಿತು ಗೊತ್ತಾ? ಹೋಗಿಯೇ ಬಿಟ್ಟಿತು. ಕೆಪಾಸಿಟರ್ ಇನ್ನೂ ಮುಟ್ಟಿಲ್ಲ. ಚಾಟಿಯ ಪೆಟ್ಟು ಟಣ್ ಅಂತ ಕೇಳುತ್ತೆ.

ಕೇಶ್ವಾಪುರ ಟೋನ್‌ಆರ್ಮ್

ಸರಿ, ನಾನು ಬರೆದುಕೊಟ್ಟಿದ್ದು ಹರಿದು ಹಾಕಿ. ಆದರೂ ಕೆಪಾಸಿಟರ್ ಅಳೆದು ನೋಡಿ. ಐವತ್ತು ವರ್ಷ ಅಂದರೆ ಐವತ್ತು ವರ್ಷವೇ.

ಡಿಟ್ಟನ್ನನ್ನು ಅಪ್ಪನ ಸ್ಪೀಕರಿಗೆ ಹೋಲಿಸಿ ನೋಡಿದಿರಾ? ನೋಡುವಾಗ ಸದ್ದು ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಅದೇ ಚಂದ ಅನಿಸುತ್ತೆ. ಎಲ್ಲರಿಗೂ ಹಾಗೇ, ನನಗೂ.

ಮಾಳಮಡ್ಡಿಯವ

ನೋಡಿದೆವು, ಭಾನುವಾರ ಇಡೀ ದಿನ. ಅಪ್ಪನ ಸ್ಪೀಕರಿಗೆ ಹೊಸ ಫೋಮ್ ನಾನೇ ಹಾಕಿದ್ದೆ. ಒಂದು ಮೊದಲ ಸಲಕ್ಕೇ ಸರಿ ಕೂತಿತು, ಇನ್ನೊಂದು ಚರ್ ಅಂತು, ಮತ್ತೆ ಕಿತ್ತು ಹಾಕಿದೆ.

ಅಳೆಯೋದಕ್ಕೆ ಫೋನಿನ ಸೌಂಡ್ ಮೀಟರ್. ಕುರ್ಚಿಯ ಮೇಲೆ ಕಿವಿ ಇರುವಷ್ಟು ಎತ್ತರದಲ್ಲಿ ಫೋನ್ ಇಟ್ಟು, ಮಳೆ ಸುರಿದಂತೆ ಸದ್ದು ಬರುತ್ತಲ್ಲ, ಪಿಂಕ್ ನಾಯ್ಸ್, ಅದನ್ನು ಹಚ್ಚಿ ಎರಡು ಜೊತೆಗೂ 70 ಡೆಸಿಬೆಲ್ ಬರುವಂತೆ ಮಾಡಿದೆ. ವಾಲ್ಯೂಮ್ ತಿರುಗಣಿಯ ಮೇಲೆ ಡಿಟ್ಟನ್ನಿಗೆ ಅರಿಶಿನದ ಚುಕ್ಕಿ, ಅಪ್ಪನದಕ್ಕೆ ಕುಂಕುಮದ ಚುಕ್ಕಿ. ಮುಂದೆ ಹಗ್ಗ ಕಟ್ಟಿ ಕಾಕಾನ ಧೋತರ ಇಳಿಬಿಟ್ಟೆ. ಯಾವುದು ಹಾಡುತ್ತಿದೆ ಅಂತ ಯಾರಿಗೂ ಕಾಣಬಾರದು. ಕೂತವರು ಹೆಂಡತಿ, ಕಾಕಾ, ತಬಲಾ ಕಲಿಯುವ ಪಕ್ಕದ ಮನೆ ಹುಡುಗ, ಮತ್ತೆ ಬರುತ್ತೇನೆ ಅಂದಿದ್ದ ಸಪ್ತಾಪುರದ ಅಕ್ಕಾರ.

ಮೊದಲ ಸುತ್ತಿನಲ್ಲಿ ಎಲ್ಲರೂ ಡಿಟ್ಟನ್ ಅಂದರು. ಅಪ್ಪನದರಲ್ಲಿ ಡಗ್ಗಾ (ತಬಲಾದ ಎಡಗೈಯದು) ಗುಂಯ್ ಅಂತ ಎದ್ದು ಮಾತು ನುಂಗುತ್ತಿತ್ತು. ಆಗ ಆ ಹುಡುಗ, "ಅಣ್ಣಾ, ಅವು ಗೋಡೀಗೆ ಅಂಟಿಕೊಂಡಾವಲ್ಲ" ಅಂದ. ಹೌದಲ್ಲ! ಡಿಟ್ಟನ್ ಮುಂದೆ, ಅಪ್ಪನದು ಹಿಂದೆ ಮೂಲೆಗೆ. ಪೆಟ್ಟಿಗೆ ಎಳೆದು ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದು ಡಿಟ್ಟನ್ನಿನ ಸಾಲಿಗೆ ಇಟ್ಟೆ. ನೆಲಕ್ಕೆ ನವಲಗುಂದದ ಜಮಖಾನ ಹಾಸಿದೆ. ಎದುರು ಗೋಡೆಗೆ ಅಜ್ಜಿ ಹೊಲಿದ ಎರಡು ಕೌದಿ ತೂಗುಹಾಕಿದೆ. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಝಣ್ ಸದ್ದು ನಿಂತಿತು.

ಎರಡನೇ ಸುತ್ತು. ಡಗ್ಗಾ ತಹಬಂದಿಗೆ ಬಂದಿತ್ತು. ಈಗ ಇಬ್ಬರು ಡಿಟ್ಟನ್, ಇಬ್ಬರು ಅಪ್ಪನದು. ತಂಬೂರಿಗೆ ಡಿಟ್ಟನ್ ಸೈ. ನಾಲ್ಕೂ ತಂತಿ ಬೇರೆ ಬೇರೆ ಕೇಳುತ್ತವೆ, ಜವಾರಿಯ ಝೇಂಕಾರ ಪೆಟ್ಟಿಗೆ ಬಿಟ್ಟು ಹೊರಗೆ ನಿಲ್ಲುತ್ತೆ. ಬಸವರಾಜ ರಾಜಗುರುಗಳ ತಾನ್ ಅದರಲ್ಲಿ ಹರಳು ಎಣಿಸಿದಂತೆ. ಆದರೆ ಬರೀ ಕಂಠಕ್ಕೆ, ಅದರಲ್ಲೂ ಗಂಗೂಬಾಯಿಯವರಿಗೆ, ಅಕ್ಕಾರ ಎರಡು ಸಲವೂ ಧೋತರದ ಹಿಂದಿನ ಕುಂಕುಮದ ಕಡೆಗೇ ಬೆರಳು ತೋರಿಸಿದರು. ಅಪ್ಪನ ಸ್ಪೀಕರ್. ನನಗೆ ಸ್ವಲ್ಪ ಗಂಟಲು ಕಟ್ಟಿತು, ಎದ್ದು ಒಳಗೆ ಹೋಗಿ ಚಹಾ ಇಟ್ಟೆ.

ಸಪ್ತಾಪುರ ಹಾರ್ಮೋನಿಯಂ

ನಾನು ಮಾತು ಬದಲಿಸೋದಿಲ್ಲ. ಡಿಟ್ಟನ್ನಿನಲ್ಲಿ ಚೊಕ್ಕ ಇದೆ. ಇನ್ನೊಂದರಲ್ಲಿ ಉಸಿರು ತಗೊಳ್ಳೋದು ಕೇಳುತ್ತೆ. ಕಲಿಸುವಾಗ ನನಗೆ ಅದೇ ಬೇಕು. ಸ್ಪೀಕರಿಗಿಂತ ಕೌದಿಗಳೇ ಜಾಸ್ತಿ ಕೆಲಸ ಮಾಡಿದವು ಅನ್ನೋದನ್ನೂ ಸೇರಿಸಿ.

ಬ್ಯಾಡಗಿ ಖಾರ

ಬರೀ ಓದುತ್ತಿದ್ದೆ. ನಮ್ಮದು ವಿದ್ಯಾನಗರದಲ್ಲಿ ಆರ್‌ಸಿಸಿ ಮನೆ, ಟೈಲ್ಸ್ ನೆಲ, ನಾಲ್ಕೂ ಕಡೆ ಗಾಜು. ಯಾವ ಸ್ಪೀಕರ್ ತಂದರೂ ಸ್ನಾನದ ಮನೆಯಲ್ಲಿ ಹಾಡಿದಂತೆ. ನಾಳೆಯೇ ಊರಿಗೆ ಫೋನ್ ಮಾಡಿ ಅವ್ವನ ಕೌದಿ ತರಿಸುತ್ತೇನೆ. ಒಟ್ಟು ಖರ್ಚು ಎಷ್ಟಾಯಿತು?

ಮಾಳಮಡ್ಡಿಯವ

ಫೋಮು, ಅಂಟು 1,400. ಜರ್ಮನಿ ಪುಲ್ಲಿ, ಪೋಸ್ಟು, ಕಸ್ಟಮ್ಸ್ ಸೇರಿ 5,200. ಲೇತ್ 400. ವಾಲ್ ಟ್ಯೂಬ್ 5. ಉಳಿದದ್ದು ಇನ್ನೂ ಕೈಯಲ್ಲಿದೆ. ಡಿಟ್ಟನ್ನಿನ ಕೆಪಾಸಿಟರ್ ಮಳೆಗಾಲ ಮುಗಿದ ಮೇಲೆ ಅಳೆಯುತ್ತೇನೆ. ಎರಡೂ ಜೊತೆ ಇಲ್ಲೇ ಇರುತ್ತವೆ, ಆಂಪ್ಲಿಫೈಯರಿನಲ್ಲಿ ಎ, ಬಿ ಸ್ವಿಚ್ ಇದೆ.

ಒಬ್ಬರಿಗೆ ಮಾತ್ರ ಸಮಾಧಾನ ಇಲ್ಲ. ಕಾಕಾ ನಿನ್ನೆ ಸಂಜೆ ಬಾಯಿಯವರ ಪ್ಲೇಟು ಪೂರ್ತಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾಕೋ ಅವಸರ ಮಾಡ್ಯಾರ. ಆ ಹಳೇ ಪುಲ್ಲಿ ಎಲ್ಲಿ ಇಟ್ಟಿಯೋ?" ಅಂದರು.

ಹಾರ್ಮೋನಿಯಂ ವಾಪಸ್ ಕೊಡುವ ಮುಂಚೆ ಅದರ ಮೇಲಿನ ಸೀಮೆಸುಣ್ಣದ ಚುಕ್ಕಿ ಅವರಿಗೆ ತೋರಿಸಬೇಕು.